ಭಾವನ ಹೆಜ್ಜೆಗೆ ಅಳತೆ

ಬುಧವಾರ, ಊಟ ಮುಗಿದ ಮೇಲೆ

ನನ್ನ ಚಿನಕುರುಳಿ ತಂಗಿಗೆ ಅಣ್ಣನ ತುಂಬು ಪ್ರೀತಿ.

ಕೈ ಹೇಗಿದೆ? ಪ್ಲಾಸ್ಟರ್ ಒಳಗೆ ಕಡಿತ ಬಂದರೆ ಕಡ್ಡಿಗಿಡ್ಡಿ ತೂರಿಸಬೇಡ. ಕಾಗದವನ್ನು ಹೇಗೆ ಶುರು ಮಾಡಬೇಕು ಅಂತ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳಿಕೊಟ್ಟಿದ್ದರು: ಹೋಪಿಂಗ್ ದಿಸ್ ಫೈಂಡ್ಸ್ ಯೂ ಇನ್ ದಿ ಪಿಂಕ್ ಆಫ್... ಏನೋ ಒಂದು. ಪಿಂಕ್ ನೆನಪಿದೆ, ಮುಂದಿನದು ಹೋಯಿತು; ಆರೋಗ್ಯದ ಮಾತೇ ಇರಬೇಕು. ನೀನಂತೂ ಅದರಲ್ಲೇ ಇದ್ದೀಯ ಅಂದುಕೊಂಡಿದ್ದೇನೆ.

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅಳುತ್ತೀಯ, ಇಲ್ಲ ಬೈಯುತ್ತೀಯ. ಮೊನ್ನೆಯೂ ಅದೇ ಆಯಿತು. ಇನ್ನು ಆ ಮನೆಗೆ ಕಾಲಿಡುವುದಿಲ್ಲ, ಅವರನ್ನೂ ಮಗಳ ಮನೆಗೆ ಕರೆಸಿಕೊಂಡು ಗಾಲಿಕುರ್ಚಿಯಲ್ಲಿ ಕೂರಿಸಿಬಿಡುತ್ತೇನೆ, ಅವರ ಟೈಲರ್ ಅಂಗಡಿಗೆ ಬೀಗ ಹಾಕು ಅಂದೆ ನೀನು. ಭಾವನಿಗೆ ನಾನಿನ್ನೂ ಅದನ್ನು ಹೇಳಿಲ್ಲ. ಭಾನುವಾರ ನಿನ್ನ ಮಗಳು ಕಾರು ತೆಗೆದುಕೊಂಡು ಇಲ್ಲಿಗೆ ಹೊರಡುವ ಮೊದಲು ಇದನ್ನು ಪೂರ್ತಿ ಓದು.

ಅವತ್ತು ಅಡುಗೆಮನೆ ಬಾಗಿಲಲ್ಲಿ ಇಬ್ಬರೂ ಬಿದ್ದಿರಲ್ಲ, ಅವರು ನಿನ್ನ ಮೇಲೆ, ನೀನು ಕೈ ಮೇಲೆ, ಅದು ಹೇಗಾಯಿತು ಅಂತ ಫಿಸಿಯೋಥೆರಪಿ ಹುಡುಗಿ ಕೇಳಿದಳು. ಬಾಗಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಯಿತು, ಇವಳು ಮುಂದೆ ನಿಂತು ಎರಡೂ ಕೈ ಹಿಡಿದು ಎಳೆದಳು, ಮೈ ಬಂತು, ಕಾಲು ಬರಲಿಲ್ಲ ಅಂದರು ಭಾವ. ಪಾರ್ಕಿನ್ಸನ್ ಇರುವವರಿಗೆ ಹೀಗಾಗುವುದು ಮಾಮೂಲಂತೆ. ತಪ್ಪು ನಿನ್ನದು ಅಂತ ಯಾರೂ ಅನ್ನಲಿಲ್ಲ, ಮುಖ ಊದಿಸಿಕೊಳ್ಳಬೇಡ. ನಾನಾಗಿದ್ದರೆ ಇನ್ನೂ ಜೋರಾಗಿ ಎಳೆಯುತ್ತಿದ್ದೆ. ಬಿ.ಎ. ಪಾಸಾದವನಿಗೆ ಸೆಂಟರ್ ಆಫ್ ಗ್ರಾವಿಟಿ ಎಲ್ಲಿ ಗೊತ್ತಿರಬೇಕು!

ಈಗ ನಾನು ಪಕ್ಕದಲ್ಲಿ, ಒಂಚೂರು ಹಿಂದೆ ನಿಲ್ಲುತ್ತೇನೆ. ಕಾಲು ಅಂಟಿದರೆ ಎಳೆಯುವುದಿಲ್ಲ, ಬೇಗ ಬೇಗ ಅನ್ನುವುದಿಲ್ಲ. ಇಬ್ಬರೂ ಸುಮ್ಮನೆ ನಿಲ್ಲುತ್ತೇವೆ. ಅವರು ಮೈಭಾರವನ್ನು ಈ ಕಾಲಿಗೊಮ್ಮೆ ಆ ಕಾಲಿಗೊಮ್ಮೆ ಹಾಕಿ ತೂಗುತ್ತಾರೆ, ಆಮೇಲೆ ಒಂದು ದೊಡ್ಡ ಹೆಜ್ಜೆ. ತಿರುಗುವಾಗಲೂ ನಿಂತಲ್ಲೇ ಗಿರಕ್ಕನೆ ತಿರುಗುವಂತಿಲ್ಲ, ಬಸ್ಸಿನ ಹಾಗೆ ದೊಡ್ಡ ಸುತ್ತು ಹಾಕಬೇಕು. ನಡೆಯುವಾಗ ಮಾತೂ ಇಲ್ಲ. ನನಗಿದು ಎಂಥ ಶಿಕ್ಷೆ ಅಂತ ನಿನಗೆ ಗೊತ್ತು. ತೀರಿಹೋದ ನಿನ್ನ ಅತ್ತಿಗೆ ಜೀವಮಾನವಿಡೀ ಮಾಡಲಾಗದ್ದನ್ನು ತಮ್ಮ ಕಾಯಿಲೆ ಮಾಡಿತು ಅಂತ ಭಾವ ನಗುತ್ತಾರೆ.

ಇನ್ನೊಂದು ಮಜಾ ಕೇಳು. ನೆಲದ ಮೇಲೆ ಅಡ್ಡಡ್ಡ ಪಟ್ಟಿ ಅಂಟಿಸಿ, ದಾಟುವ ಹಾಗೆ ಹೆಜ್ಜೆ ಇಟ್ಟರೆ ಕಾಲು ಏಳುತ್ತದೆ ಅಂದಳು ಆ ಹುಡುಗಿ. ನಾನು ಹಳದಿ ಟೇಪು ತಂದು ಕಣ್ಣಂದಾಜಿನಲ್ಲಿ ಅಂಟಿಸಿದೆ. ಭಾವ ನೋಡಿದವರೇ, ಇದು ಯಾರಿಗೆ, ಕುದುರೆಗಾ ಅಂತ ಕೇಳಿ ಎಲ್ಲಾ ಕೀಳಿಸಿದರು. ಅಂಗಡಿಯಿಂದ ಅಳತೆ ಟೇಪು ತರಿಸಿ, ನನ್ನ ಕೈಯಲ್ಲಿ ತಮ್ಮ ಹೆಜ್ಜೆಯ ಅಳತೆ ತೆಗೆಸಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ ಎಳೆಸಿ, ಅದರ ಮೇಲೆ ಪಟ್ಟಿ ಅಂಟಿಸಲು ಹೇಳಿದರು. ಒಂದು ಗೆರೆ ಸೊಟ್ಟಗಾಯಿತು ಅಂತ ಎರಡನೇ ಸಲ ಎಳೆಸಿದರು. ಗಿರಾಕಿ ತಕರಾರಿನವನು, ನೋಡಿ ಕೆಲಸ ಮಾಡಿ ಅಂತ ಬೇರೆ ಮಾತು! ಈಗ ಮಂಚದಿಂದ ಅಡುಗೆಮನೆ ದಾಟಿ ಮುಂದಿನ ಕೋಣೆಯ ಅಂಗಡಿಯವರೆಗೂ ಪಟ್ಟೆ. ಬಂದವಳೇ ಉಜ್ಜಿ ತೆಗೆಯಲು ಕೂರಬೇಡ. ಕಾಲೊರೆಸು, ಚಾಪೆ ಎಲ್ಲ ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಬಚ್ಚಲಲ್ಲಿ ಟವೆಲ್ ಕಂಬಿ ಹಿಡಿದು ಏಳುತ್ತಿದ್ದರಂತೆ, ನಾನು ಮುಟ್ಟಿದ್ದಕ್ಕೇ ಅದು ಕಿತ್ತು ಬಂತು. ಅಲ್ಲಿ ಗಟ್ಟಿ ಹಿಡಿಕೆ ಹಾಕಿಸಿದೆ.

ಎಲ್ಲ ದಿನವೂ ಹೀಗೇ ಅಂತಲ್ಲ. ನಿನ್ನೆ ಸಂಜೆ ಬಾಗಿಲಲ್ಲಿ ಬಹಳ ಹೊತ್ತು ನಿಂತೇ ಇದ್ದೆವು. ಗೆರೆ, ತೂಗುವುದು, ಯಾವುದೂ ಕೆಲಸಕ್ಕೆ ಬರಲಿಲ್ಲ. ಕೊನೆಗೆ ಕುರ್ಚಿ ತಂದು ಕೂರಿಸಿದೆ. ಆಗ ಅವರು ಕೇಳಿದ್ದು ನಿನ್ನ ಕೈ ಯಾವಾಗ ಕೂಡುತ್ತದೆ ಅಂತಲ್ಲ, ಅವಳಿಗೆ ನನ್ನ ಜೊತೆ ನಡೆಯಲು ಹೆದರಿಕೆಯಾ ಅಂತ. ನಾನು ಕನ್ನಡಕ ಒರೆಸುತ್ತಾ ಕೂತೆ. ಅದಕ್ಕೆ ನಾನು ಏನು ಹೇಳಲಿ, ನೀನೇ ಹೇಳಬೇಕು.

ಗಾಲಿಕುರ್ಚಿ ಮುಂದೆ ಬೇಕಾಗಬಹುದು, ಬೇಕಾದಾಗ ತರೋಣ. ಈಗಲೇ ಕೂರಿಸಿಬಿಟ್ಟರೆ ಕಾಲಿನಲ್ಲಿ ಉಳಿದಿರುವ ಶಕ್ತಿಯೂ ಹೋಗುತ್ತದಂತೆ. ಬಾ ತಂಗೀ, ಪ್ಲಾಸ್ಟರ್ ಕೈಯಲ್ಲೇ ಬಾ. ಕೈ ಕೂಡುವವರೆಗೆ ನಾನಿರುತ್ತೇನೆ, ನೀನು ನೋಡಿ ಕಲಿ. ಎಳೆಯುವುದಕ್ಕಾದರೆ ಎರಡು ಕೈ ಬೇಕಿತ್ತು.

ಯುವರ್ಸ್ ಒಬೀಡಿಯೆಂಟ್ಲಿ (ಇದು ತಂಗಿಗೆ ಬರೆಯುವುದೋ ಆಫೀಸಿಗೋ ಮರೆತಿದೆ),
ನಿನ್ನ ಬಾಯಿಬಡುಕ ಅಣ್ಣ

ತಾ.ಕ.: ನೀನು ಹೋದಮೇಲೆ ಮನೆಯಲ್ಲಿ ಯಾರೂ ಬಿದ್ದಿಲ್ಲ ಅಂತ ಫೋನಿನಲ್ಲಿ ಹೇಳಿದ್ದು ಸುಳ್ಳು. ಶನಿವಾರ ಹಿತ್ತಿಲ ಬಾಗಿಲಲ್ಲಿ ಬಿದ್ದದ್ದು ನಾನು. ಸೊಂಟ ಹಿಡಿದು ಕೂಗಿಕೊಂಡೆ. ಭಾವ ಮಂಚದಿಂದ ಎದ್ದು, ಯಾರ ಆಸರೆಯೂ ಇಲ್ಲದೆ ಅಷ್ಟೂ ದೂರ ಬಂದರು, ಅಡುಗೆಮನೆ ಬಾಗಿಲಲ್ಲಿ ನಿಂತು, ತೂಗಿ, ದಾಟಿ. ನಾನು ಕೈ ಚಾಚಿದರೆ ಹಿಡಿಯಲೇ ಇಲ್ಲ. ಎಳೆಯುವ ಹಾಗಿಲ್ಲ, ಮೊದಲು ಮಂಡಿ ಊರಿಕೊಳ್ಳಿ ಅಂದರು. ಅವರ ಮುಖದ ಖುಷಿ ನೋಡಿ, ನೆಲದಲ್ಲಿ ಬಿದ್ದಿದ್ದ ನನಗೆ ಸಿಟ್ಟೇ ಬಂತು.