ಅಕ್ಕನಿಗೆ ಸಿಕ್ಕ ಹೊಗಳಿಕೆ

ಮಾರ್ಚ್ ೧೪, ಗುರುವಾರ

ಬೆಳಗಿನಿಂದ ಒಂದೇ ಪದ ತಲೆ ತಿನ್ನುತ್ತಿದೆ. ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿದ ಮೇಲೆ ಅಕ್ಕ ಇವತ್ತು ಮೊದಲ ಸಲ ತಲೆಗೆ ಬಟ್ಟೆ ಕಟ್ಟದೆ ಕೋಣೆಯಿಂದ ಹೊರಗೆ ಬಂದಳು. ಕಿವಿಗೆ ದೊಡ್ಡ ಕೆಂಪು ಓಲೆ ಬೇರೆ. ನನ್ನ ಮಗಳು ಚಪ್ಪಾಳೆ ತಟ್ಟಿ, "ದೊಡ್ಡಮ್ಮ, ಸ್ಲೇ!" ಎಂದು ಕೂಗಿದಳು.

"ಏನೇ ಹಾಗಂತೀಯಾ!" ಎಂದು ಅವಳನ್ನು ಗದರಿದೆ. ಇಪ್ಪತ್ತು ವರ್ಷದಿಂದ ಕೋರ್ಟಿನ ಇಂಗ್ಲಿಷ್ ತೀರ್ಪುಗಳನ್ನು ಕನ್ನಡಕ್ಕೆ ತರುವವಳು ನಾನು. ಆ ಪದ ಬಂದಲ್ಲೆಲ್ಲ 'ಕೊಂದನು' ಎಂದೇ ಬರೆದಿದ್ದೇನೆ.

"ಅಯ್ಯೋ, ಅದು ಹೊಗಳಿಕೆ ಅಮ್ಮಾ! ಸಖತ್ತಾಗಿ ಕಾಣ್ತಿದ್ದೀರ ಅಂತ!"

ನಿಘಂಟು ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ 'ಹೊಡೆ' ಎಂಬ ಅರ್ಥವೂ ಇತ್ತಂತೆ. ಆಮೇಲೆ ಕೊಲ್ಲುವುದೇ ಗಟ್ಟಿಯಾಯಿತು. ಮತ್ತೆ ಯಾವಾಗಲೋ ಮರುಳು ಮಾಡಿ ಕೊಲ್ಲುವುದು. ನಾವೂ 'ನಗಿಸಿ ಸಾಯಿಸಬೇಡ' ಎನ್ನುತ್ತೇವಲ್ಲ! ಸಾವು ಅದರಿಂದ ಯಾವಾಗ ಕಳಚಿಕೊಂಡಿತೋ, ಮೊದಲು ಯಾರು ಹಾಗಂದರೋ.

"ಅದರಲ್ಲಿ ಏನೇ ಅರ್ಥ ಕೊಟ್ಟಿದೆ?" ಎಂದು ಅಕ್ಕ ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಕೊಲ್ಲೋದು ಅಂತ, ಅಕ್ಕ."

"ಕೊಂದೋಳು ನಾನು ತಾನೇ? ಸತ್ತೋಳಲ್ಲವಲ್ಲ!" ಎಂದು ಬಿದ್ದು ಬಿದ್ದು ನಕ್ಕಳು.

ಸಂಜೆ ಬರಿತಲೆಯಲ್ಲೇ ಅಂಗಡಿಗೆ ಹೊರಟಳು. ಜೊತೆಗೆ ಬರುತ್ತೇನೆಂದರೆ ಬೇಡವೆಂದಳು. ಬೀದಿಯ ತಿರುವಿನವರೆಗೂ ನೋಡುತ್ತಾ ನಿಂತಿದ್ದೆ. ಒಮ್ಮೆಯೂ ತಿರುಗಿ ನೋಡಲಿಲ್ಲ.