ಗೇಟಿನಾಚೆಯ ದನಗಳು

ಎಯ್ಟ್ ಮೈಲ್ ಪ್ಲೇನ್ಸ್, ಬ್ರಿಸ್ಬೇನ್
ಬುಧವಾರ, ೧೨ ಜೂನ್ ೨೦೨೪

ಚಿರಂಜೀವಿ ಉತ್ತಮನಿಗೆ,

ನಿನ್ನ ಹೆಂಡತಿಯ ಅಜ್ಜಿ ಕನಕಮ್ಮ ಮಾಡುವ ಆಶೀರ್ವಾದ. ಚಿರಂಜೀವಿ ಎಂದು ಬರೆಯುವುದು ಕಾಗದದ ಪದ್ಧತಿ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನ್ನದು ನಾಲ್ಕನೇ ಕ್ಲಾಸಿನ ಅಕ್ಷರ, ನಿಧಾನವಾಗಿ ಓದಿಕೋ.

ಪರ್ತಿನಿಂದ ಫೋನು ಮಾಡಿ, "ಅಜ್ಜೀ, ಶನಿವಾರ ಬ್ರಿಸ್ಬೇನಲ್ಲಿ ನನ್ನ ಫೋಟೋಗಳ ಪ್ರದರ್ಶನ. ನೀವೇ ಬಂದು ದೀಪ ಹಚ್ಬೇಕು, ದೊಡ್ಡೋರು ಅಂತ ನಮಗೆ ಇನ್ಯಾರಿದ್ದಾರೆ" ಅಂದೆ. ಅಷ್ಟು ದೂರದಿಂದ ಎಷ್ಟು ಬೆಣ್ಣೆ ಕಳಿಸಿದೆಯಪ್ಪ, ಒಂದು ಚೂರೂ ಕರಗಲಿಲ್ಲ. ಹೆಂಡತಿ ಕವನಾಳನ್ನು ಅಡಿಲೇಡಿನಲ್ಲಿ ನನ್ನ ಹತ್ತಿರ ಬಿಟ್ಟುಹೋಗಿರುವುದು ನಮ್ಮ ಜನಕ್ಕೆ ಗೊತ್ತಾಗಬಾರದು, ಅಜ್ಜಿ ಪಕ್ಕದಲ್ಲಿ ನಿಂತರೆ ಸಂಸಾರ ನೆಟ್ಟಗಿದೆ ಎಂದು ಕಾಣುತ್ತದೆ. ಇಷ್ಟು ತಿಳಿಯದ ಪೆದ್ದಿಯಲ್ಲ ನಾನು. ಆದರೂ ಬಂದೆ. ಮಗ ಗಣಪತಿಯ ಮನೆಯಲ್ಲಿದ್ದೇನೆ.

ನಿನ್ನೆ ಅವನ ಮಗಳು ಸಿಂಚನಾ ನನ್ನನ್ನು ಆ ಹಾಲಿಗೆ ಕರೆದುಕೊಂಡು ಹೋಗಿದ್ದಳು. ನಿನ್ನ ಬಹುಮಾನದ ಚಿತ್ರ ಗೋಡೆ ತುಂಬ ಇದೆ. ಕೆಂಪು ಮಣ್ಣು, ಕಬ್ಬಿಣದ ಗೇಟು, ಅದರಾಚೆ ಒಂದರ ಮೈಗೆ ಇನ್ನೊಂದು ಒತ್ತಿಕೊಂಡು ನಾಲಗೆ ಚಾಚಿದ ದನಗಳು. ಅದಕ್ಕೆ 'ದಾಹ' ಅಂತ ಹೆಸರಿಟ್ಟಿದ್ದೀಯಂತೆ. ಹುಡುಗಿ "ಸೋ ಬ್ಯೂಟಿಫುಲ್, ಅಜ್ಜಿ" ಅಂದಳು. "ಆ ಬಿಳಿ ಮುಖದ ಹಸು ಸತ್ತುಹೋಯ್ತು ಕಣೇ" ಅಂದೆ.

ನಿನಗೆ ಮರೆತಿರಬಹುದು, ನೆನಪಿಸುತ್ತೇನೆ. ಹೋದ ವರ್ಷ ಫೆಬ್ರವರಿ. ಮರುಭೂಮಿಯಲ್ಲಿ ದನ ಸಾಕುವ ಹೆಲೆನ್ ತನ್ನ ಹೋರಿಗಳನ್ನು ಮಾರಬೇಕಿತ್ತು, ಅವುಗಳ ಫೋಟೋ ತೆಗೆಯಲು ಕವನಾಳನ್ನು ಕರೆಸಿದ್ದಳು. ದನಗಳ ಫೋಟೋ ತೆಗೆಯುವುದು ಕವನಾಳ ಕಸುಬು, ಅದರಲ್ಲೇ ಅವಳ ಹೆಸರು. ನೋಡಲು ನಾನು ಹೋದೆ, ಶೋಕಿಗೆ ನೀನು ಬಂದೆ. ಅಲ್ಲಿಯ ನಿಯಮ ಒಂದೇ, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ತೆರೆದಿದ್ದರೆ ತೆರೆದೇ ಇರಬೇಕು, ಏಕೆಂದರೆ ನೀರಿನ ತೊಟ್ಟಿ ಇರುವುದು ಗೇಟಿನ ಈಚೆ, ದನ ಮೇಯುವುದು ಆಚೆ. ದನಗಳು ಗುಂಪುಗೂಡಿ ನಿಲ್ಲಲಿ ಎಂದು ನೀನು ಆ ಗೇಟು ಮುಚ್ಚಿದೆ. ಅವು ನೀರಿಗೆ ಬಂದು ಒತ್ತರಿಸಿದವು. ನಿನಗೆ ಚಿತ್ರ ಸಿಕ್ಕಿತು. ಗೇಟಿನ ಸರಪಳಿ ಬಿಚ್ಚದೆ, ಕ್ಯಾಮೆರಾ ಒರೆಸಿಕೊಂಡು ಬಂದು ಕಾರಿನಲ್ಲಿ ಕೂತೆ. ಕವನಾ ಇಂಗ್ಲಿಷಿನಲ್ಲಿ ಏನೋ ಕೇಳಿದಳು, ನೀನು ಹೂಂ ಅಂದೆ. ಗೇಟು ತೆರೆದೆಯಾ ಎಂದು ಕೇಳಿದ್ದಳೆಂದು ನನಗೆ ತಿಳಿದದ್ದು ಆಮೇಲೆ. ನಮ್ಮ ಕಡೆ ಗೇಟು ಮುಚ್ಚುವುದೇ ಲಕ್ಷಣ, ಹಾಗಾಗಿ ಹಿಂದಿನ ಸೀಟಿನಿಂದ ನೋಡುತ್ತಿದ್ದರೂ ನಾನು ಸುಮ್ಮನಿದ್ದೆ.

ಹೆಲೆನ್ ಆ ಕಡೆ ಹೋಗುವಷ್ಟರಲ್ಲಿ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಅವಳು ಕಳಿಸಿದ ಫೋಟೋದಲ್ಲಿ ಆ ಬಿಳಿ ಮುಖದ್ದು ಗೇಟಿನ ಬುಡದಲ್ಲೇ ಬಿದ್ದಿತ್ತು, ಪಕ್ಕದಲ್ಲಿ ಕರು. ಕವನಾ ಅಳುತ್ತ ಕೂತಿದ್ದಾಗ ನೀನು ಹಿತ್ತಲಿಗೆ ಹೋಗಿ ಹೆಲೆನ್‌ಗೆ ಫೋನು ಮಾಡಿದೆ. ಮುಚ್ಚಿದವಳು ನನ್ನ ಹೆಂಡತಿ, ನಮ್ಮೂರಲ್ಲಿ ಬೀದಿ ದನ ನುಗ್ಗುತ್ತವೆಂದು ಗೇಟು ಕಂಡರೆ ಮುಚ್ಚುವ ಅಭ್ಯಾಸ, ಪಾಪ ಬಿಟ್ಟುಬಿಡಿ ಎಂದು ನೀನು ಗೋಗರೆದದ್ದು ಹೆಲೆನ್ ಕವನಾಳಿಗೆ ಬರೆದ ಕೊನೆಯ ಮೆಸೇಜಿನಿಂದ ತಿಳಿಯಿತು. ಆಮೇಲೆ ಕವನಾ ಎಷ್ಟು ಸಲ ಮಾಡಿದರೂ ಹೆಲೆನ್ ಫೋನೆತ್ತಲಿಲ್ಲ. ದನ ಸಾಕುವ ಯಾರೂ ಅವಳನ್ನು ಮತ್ತೆ ಕರೆಯಲಿಲ್ಲ. ಈಗ ನನ್ನ ಮೊಮ್ಮಗಳು ಪ್ರಾಸ್ಪೆಕ್ಟ್ ರೋಡಿನ ಅಂಗಡಿಯಲ್ಲಿ ತೊಗರಿಬೇಳೆ ತೂಗುತ್ತಾಳೆ. "ಬಿಡಜ್ಜಿ, ಯಾರು ನಂಬ್ತಾರೆ" ಅನ್ನುತ್ತಾಳೆ. ಬಿಡುವುದಕ್ಕೆ ಅವಳಷ್ಟು ಒಳ್ಳೆಯವಳಲ್ಲ ನಾನು.

ಹೆಲೆನ್‌ಳನ್ನೂ ನೀನೇ ಕರೆದಿದ್ದೀಯ, ಚಿತ್ರದ ದನಗಳ ಒಡತಿಯೆಂದು ಶಾಲು ಹೊದಿಸುತ್ತೀಯಂತೆ. ನಿನ್ನಮ್ಮ ಇಂದುಮತಿ ಬಂದು ಹೇಳಿ ಹಿಗ್ಗಿಹೋದರು. ಚೆನ್ನಾಯಿತು, ಅವಳನ್ನೂ ನನ್ನನ್ನೂ ಒಂದೇ ವೇದಿಕೆಗೆ ಹತ್ತಿಸುವ ಖರ್ಚು ನಿನ್ನದೇ. ಸಿಂಚನಾ ನನಗೆ ಇಂಗ್ಲಿಷು ಕಲಿಸುತ್ತಿದ್ದಾಳೆ. "ಹಿ ಶಟ್ ದ ಗೇಟ್. ಐ ಸಾ." ನಿನ್ನೆಯಿಂದ ಪಾತ್ರೆ ತೊಳೆಯುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. "ಅಜ್ಜಿ, ಸ್ವಲ್ಪ ಜೋರಾಗಿ, ಮೈಕ್ ಇರಲ್ಲ" ಅನ್ನುತ್ತಾಳೆ. ದನ ಕಾದ ಗಂಟಲು ಕಣೇ ಇದು, ಮೈಕು ಯಾಕೆ ಅಂದೆ.

ಆದರೂ ಹಿರಿಯಳಾದ ಮೇಲೆ ಒಂದು ದಾರಿ ಬಿಡಬೇಕಲ್ಲ. ಶುಕ್ರವಾರದೊಳಗೆ ಹೆಲೆನ್‌ಗೆ ನೀನೇ ನಿಜ ಹೇಳು, ಆ ಚಿತ್ರ ಇಳಿಸು. ಹಾಗೆ ಮಾಡಿದರೆ ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡು, ದೀಪ ಹಚ್ಚಿ, ನಿನ್ನ ತಲೆ ಸವರಿ ಬರುತ್ತೇನೆ. ನಿನ್ನ ಮಾನ ನಿನ್ನ ಕೈಯಲ್ಲಿದೆ.

ಇಂತಿ, ನಿನ್ನ ಊಟದ ತಟ್ಟೆ ಎಷ್ಟೋ ಸಲ ಎತ್ತಿದ
ಕನಕಮ್ಮ

ತಾ.ಕ.: ಗಣಪತಿ ಈಗ ಇಣುಕಿ ನೋಡಿ, "ಅಮ್ಮ, ಕಾಗದ ಶನಿವಾರದೊಳಗೆ ಪರ್ತ್ ಮುಟ್ಟಲ್ಲ, ಫೋನ್ ಮಾಡ್ಬಿಡು" ಅಂದ. ಗೊತ್ತು ಕಣೋ ಅಂದೆ. ಇದನ್ನು ಅಂಚೆ ಡಬ್ಬಿಗೆ ಹಾಕುವುದೂ ಶನಿವಾರವೇ, ಸಭೆ ಮುಗಿಸಿಕೊಂಡು ಬರುವ ದಾರಿಯಲ್ಲಿ.