ನೀಲಿ ಮುಚ್ಚಳದ ಕ್ಯಾನು

ಹನ್ನೊಂದನೇ ತಾರೀಖು, ಭಾನುವಾರ ಸಂಜೆ

ನನ್ನ ಬಣ್ಣದ ಪುಟ್ಟಿಗೆ, ಅಮ್ಮ ಬರೆಯುವುದು.

ನಿನಗೆ ಕಂಪನಿಯವರು ಕೊಡುತ್ತೇವೆಂದದ್ದು: ಕಿಟಕಿ ಪಕ್ಕದ ಮೇಜು, ಸ್ವಂತ ಕಂಪ್ಯೂಟರು, ಮಾಡಿದ ಕೆಲಸದ ಕೆಳಗೆ ನಿನ್ನ ಹೆಸರು. ಮೇಜು ಕೊಟ್ಟರು. ಹೆಸರು ಕೊಡಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ನಮಗೆ, ಹದಿನೇಳು ಹೆಂಗಸರಿಗೆ, ಆಸ್ಪತ್ರೆಯವರು ಕೊಡುತ್ತೇವೆಂದದ್ದು: ಮೊಣಕೈವರೆಗಿನ ರಬ್ಬರ್ ಗವಸು, ಗಾಳಿಯಾಡುವ ಒಂದು ಕಿಟಕಿ, ಸಾಮಾನು ಬದಲಾದರೆ ಮೊದಲೇ ತಿಳಿಸುತ್ತೇವೆಂಬ ಮಾತು. ಒಂದೂ ಬರಲಿಲ್ಲ. ಬಂದದ್ದು ನೀನು ಚಿತ್ರ ಬರೆದ ಕ್ಯಾನು.

ಒಂಬತ್ತು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ. ಹರಿದು ಹಾಕುವಾಗಲಾದರೂ ಎರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ.

ಎರಡನೇ ತಾರೀಖು ಫೋನಿನಲ್ಲಿ ಅರ್ಧ ಹೇಳಿದ್ದೆ, ಈಗ ಪೂರ್ತಿ ಕೇಳು. ನಮ್ಮ ಶೆಡ್ಡಿನಲ್ಲಿ ಯಾರೂ ಚೀಟಿ ಓದುವುದಿಲ್ಲ. ಆವಿಯಲ್ಲಿ ಅಕ್ಷರ ಕಾಣುವುದೂ ಇಲ್ಲ. ಕೆಂಪು ಮುಚ್ಚಳವೆಂದರೆ ಕಲೆ ಸುಡುವ ನೀರು, ಕೋಲಿನಿಂದ ಮಾತ್ರ ಮುಟ್ಟುವುದು. ನೀಲಿಯೆಂದರೆ ಸೋಪು, ಅಂಗೈ ಗುಳಿಯಲ್ಲಿ ಅಳೆದು ಹಾಕುವುದು. ಹನ್ನೆರಡು ವರ್ಷ ಹೀಗೇ ನಡೆದಿದೆ. ಅವತ್ತು ನೀಲಿ ಮುಚ್ಚಳದ ಹೊಸ ಕ್ಯಾನು ಬಂತು, ಮೇಲೆ ಬಿಳಿ ಹೂವು. ನಮ್ಮ ನಗೆಮಾರಿಯನ್ನು ನೀನು ಬಲ್ಲೆ, ಹೆಣ ಸುತ್ತಿದ ಬಟ್ಟೆ ಒಗೆಯುವಾಗಲೂ ನಗಿಸುವವಳು. “ಹೂವಿನ ಸೋಪು ಬಂತು ಕಣ್ರೇ, ಇನ್ನು ನಮ್ಮನ್ನ ನೋಡೋಕೆ ಗಂಡು ಬರ್ತಾನೆ” ಅಂದಳು. ಅಂಗೈಗೆ ಸುರಿದುಕೊಂಡಳು. ನಾವು ಇನ್ನೂ ನಗುತ್ತಿದ್ದೆವು. ಅವಳ ಅಂಗೈ ಸುಣ್ಣದ ಹಾಗೆ ಬೆಳ್ಳಗಾಗುತ್ತಿತ್ತು.

ನೀಲಿ ಮುಚ್ಚಳದೊಳಗೆ ಇದ್ದದ್ದು ಕಲೆ ಸುಡುವ ನೀರು. ಬಲಗೈಯ ಮೂರು ಬೆರಳು ಇನ್ನು ಮಡಚುವುದಿಲ್ಲವಂತೆ.

ಕ್ಯಾನನ್ನು ತಿರುಗಿಸಿ ನೋಡಿದೆ. ಐದು ಎಸಳು, ಎಡಗಡೆಯ ಒಂದು ಎಸಳು ಬಾಗಿದೆ. ನಾಲ್ಕು ವರ್ಷದವಳಿದ್ದಾಗ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದು ನನ್ನಿಂದ ಏಟು ತಿಂದೆಯಲ್ಲ, ಅದೇ ಹೂವು. ನಿನ್ನ ಹೆಸರು ಬೇಕಾಗಿರಲಿಲ್ಲ. ಬಾಗಿದ ಎಸಳು ನೋಡಿ ಗುರುತು ಹಿಡಿದೆ ಎಂದು ಅವತ್ತೇ ಸಂಜೆ ನಿನಗೆ ಹೇಳಿದೆ. “ಆಮೇಲೆ ಮಾತಾಡ್ತೀನಮ್ಮಾ” ಅಂದೆ. ಆ ಆಮೇಲೆ ಇನ್ನೂ ಬಂದಿಲ್ಲ.

ನಿನ್ನೊಬ್ಬಳನ್ನೇ ಬೈದರೆ ನಾಲಿಗೆಗೆ ಹುಳ ಬೀಳುತ್ತದೆ. ಕೆಲಸ ಹುಡುಕುವಾಗ ನಿನ್ನ ಮುಂದೆ ಎರಡು ಬಾಗಿಲಿದ್ದವು. ಒಂದು ಬೋರ್ಡ್ ಮೇಷ್ಟ್ರ ಅಂಗಡಿ. ನಿಲ್ದಾಣಕ್ಕೆ, ಆಸ್ಪತ್ರೆಗೆ ದಾರಿ ತೋರುವ ಫಲಕ ಬರೆಯುವ ಮುದುಕ. “ಬಾಣ ಮೊದಲು ಕಾಣ್ಬೇಕು, ಅಂದ ಆಮೇಲೆ” ಎನ್ನುತ್ತಿದ್ದ. ನಿನ್ನ ಮನಸ್ಸು ಅಲ್ಲಿತ್ತು. ಇನ್ನೊಂದು ಈ ಸೋಪಿನ ಕಂಪನಿಯ ಗಾಜಿನ ಬಾಗಿಲು. ಅದರೊಳಕ್ಕೆ ನೂಕಿದವಳು ನಾನು. ದೊಡ್ಡ ಕಂಪನಿಯಿಂದ ಶುರು ಮಾಡಿದರೆ ದೊಡ್ಡ ಡಿಸೈನರ್ ಆಗುತ್ತೀಯ ಅಂದೆ. ಆಮೇಲೆ ನೀನು ಕೆಂಪು ಮುಚ್ಚಳವನ್ನೇ ಬರೆದು ಕೊಟ್ಟಿದ್ದನ್ನೂ, ಸಾಹೇಬ ಅದರ ಮೇಲೆ ಗೀಟು ಎಳೆದು “ಕೆಂಪು ಬೇಡ, ಕೊಳ್ಳುವವರು ಹೆದರುತ್ತಾರೆ” ಎಂದು ಬರೆದದ್ದನ್ನೂ ಹೇಳಿಕೊಂಡು ಅತ್ತೆ. ನಾನೇನಂದೆ? “ಮೊದಲ್ನೇ ಕೆಲ್ಸ ಕಣೇ, ತಲೆ ತಗ್ಗಿಸ್ಕೊಂಡು ಮಾಡು” ಅಂದೆ. ಸಂಘ ಕಟ್ಟಿ ಊರಿಗೆಲ್ಲ ಧಿಕ್ಕಾರ ಕಲಿಸಿದವಳು ಮಗಳಿಗೆ ಸಲಾಮು ಕಲಿಸಿದೆ.

ಈಗ ಕಂಪನಿಯವರು ಬರೆದುಕೊಟ್ಟಿದ್ದಾರೆ: ಬಣ್ಣದ ತಪ್ಪಲ್ಲ, ಓದದವಳ ತಪ್ಪು. ಆಸ್ಪತ್ರೆಯವರು ಅದನ್ನೇ ಹಿಡಿದು ನಗೆಮಾರಿಯನ್ನು ಕೆಲಸದಿಂದ ತೆಗೆಯಲು ಕೂತಿದ್ದಾರೆ. ಶನಿವಾರ ಕಂಪನಿಯ ಇಬ್ಬರು ಶೆಡ್ಡಿಗೆ ಬಂದು ಹಳೆಯ ಕೆಂಪು ಮುಚ್ಚಳಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೋದರು. ಹೋಗುವಾಗ ಒಬ್ಬ ನನ್ನ ಕಡೆ ತಿರುಗಿ, “ನಿಮ್ಮ ಮಗಳು ಚೆನ್ನಾಗಿದಾಳಮ್ಮಾ” ಅಂದ. ನಾನು ವಿಚಾರಿಸಿರಲಿಲ್ಲ.

ಆ ಗೀಟು ಎಳೆದ ಹಾಳೆ ನಿನ್ನ ಹತ್ತಿರ ಇದೆ. ಅದೊಂದೇ ಸಾಕ್ಷಿ. ವಿಚಾರಣೆಗೆ ತಂದರೆ ನಿನ್ನ ಕೆಲಸ ಹೋಗುತ್ತದೆ, ಸುಳ್ಳು ಹೇಳುವುದಿಲ್ಲ. ಮೇಷ್ಟ್ರ ಅಂಗಡಿಯ ಸ್ಟೂಲು ಇನ್ನೂ ಖಾಲಿ ಇದೆ, ಹೋಗಿ ನೋಡಿ ಬಂದೆ. ಹೂವು ಯಾರದೆಂದು ಸಂಘದಲ್ಲಿ ಇನ್ನೂ ಬಾಯಿ ಬಿಟ್ಟಿಲ್ಲ. ನೀನು ಬಾರದಿದ್ದರೆ ಬಿಡುತ್ತೇನೆ. ನಗೆಮಾರಿಯ ಕೈಗೆ ದಿನಾ ಬಟ್ಟೆ ಸುತ್ತುವ ಕೈ ಇದು, ನಿನ್ನ ಮುಖ ನೋಡಿ ನಿಲ್ಲುವುದಿಲ್ಲ.

ನಿನ್ನನ್ನು ಹೊಡೆದ, ಹೆತ್ತ
ಅಮ್ಮ

ಮತ್ತೊಂದು ಮಾತು: ಕಾಗದ ಮಡಚುವ ಹೊತ್ತಿಗೆ ಶೆಡ್ಡಿಗೆ ಹೊಸ ಸರಕು ಬಂತು. ಚೀಟಿಯ ಮೇಲೆ ಅಚ್ಚಾದ ದಿನ ಆರನೇ ತಾರೀಖು, ನಾನು ಫೋನ್ ಮಾಡಿದ ನಾಲ್ಕು ದಿನಕ್ಕೆ. ಮುಚ್ಚಳ ನೀಲಿಯೇ. ಹೂವಿನ ಬಾಗಿದ ಎಸಳು ಮಾತ್ರ ನೆಟ್ಟಗಾಗಿದೆ. ಅದರ ಗುಟ್ಟು ನನಗೂ ನಿನಗೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ ಪುಟ್ಟೀ. ಕಾರ್ಮಿಕ ಅಧಿಕಾರಿಯ ಕಚೇರಿ, ಎರಡನೇ ಮಹಡಿ, ಗುರುವಾರ ಬೆಳಿಗ್ಗೆ ಹತ್ತು ಗಂಟೆ.